ಕ್ರಾಸ್‌ಓವರ್ ಫೈಟಿಂಗ್ ಗೇಮ್: ಮೋಡ್‌ಗಳ ಕೆಲಸ ಎಲ್ಲಿಗೆ ಬಂತು

ಬೇರೆ ಬೇರೆ ಆಟಗಳ ಪಾತ್ರಗಳನ್ನು ಒಂದೇ ಅಖಾಡಕ್ಕೆ ತರುವ ನಮ್ಮ ಗೇಮ್‌ನ ಈ ಬಿಲ್ಡ್‌ನಲ್ಲಿ (ಆವೃತ್ತಿಯಲ್ಲಿ) ಹೊಸ ಪಾತ್ರ ಒಂದೂ ಇಲ್ಲ. ಇರುವ 24 ಪಾತ್ರಗಳು ಎಲ್ಲ ಮೋಡ್‌ಗಳಲ್ಲೂ ಒಂದೇ ನಿಯಮಕ್ಕೆ ಬಗ್ಗಿ ಆಡುವಂತೆ ಮಾಡುವುದಕ್ಕೇ ಪೂರ್ತಿ ಸಮಯ ಹೋಯಿತು. ಆಟ ಓಡುವುದು ಇಕೆಮೆನ್ ಗೋ ಎಂಬ ಫೈಟಿಂಗ್ ಗೇಮ್ ಎಂಜಿನ್ ಮೇಲೆ. ಪಾತ್ರಗಳು ಮಾತ್ರ ಅದಕ್ಕೂ ಹಿಂದಿನ ಮುಗೆನ್ ಎಂಬ ಎಂಜಿನ್‌ಗಾಗಿ ಬೇರೆ ಬೇರೆ ಕೈಗಳಲ್ಲಿ ತಯಾರಾದವು. ಒಬ್ಬರಿಗೊಬ್ಬರು ಆಡುವ ವರ್ಸಸ್‌ನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಸೈಮಲ್ ಮತ್ತು ಸೋಲುವವರೆಗೆ ಪಂದ್ಯದ ಮೇಲೆ ಪಂದ್ಯ ಆಡುವ ಸರ್ವೈವಲ್ ಮೋಡ್ ತೆರೆದ ಕೂಡಲೇ ಹುಳುಕುಗಳು ಹೊರಬಿದ್ದವು.

ಮೊದಲು ಅಳತೆ. ಪಾತ್ರಗಳ ಚಿತ್ರಗಳು ಎರಡು ಹಳೆಯ ಆರ್ಕೇಡ್ ಯಂತ್ರಗಳವು: ಕ್ಯಾಪ್‌ಕಾಮ್‌ನ ಸಿಪಿಎಸ್-2 ಬೋರ್ಡಿನ ಚಿತ್ರ 384×224 ಪಿಕ್ಸೆಲ್, ನಿಯೋ ಜಿಯೋದ್ದು 320×224. ಆರ್ಕೇಡ್ ಪರದೆ ಎರಡನ್ನೂ 4:3ಕ್ಕೆ ಹೊಂದಿಸಿ ತೋರಿಸುತ್ತಿತ್ತು. ಈಗಿನ ಚೌಕ ಪಿಕ್ಸೆಲ್‌ಗಳ ಪರದೆಗೆ ಆ ಸ್ಪ್ರೈಟ್‌ಗಳನ್ನು, ಅಂದರೆ ಪಾತ್ರಗಳ ಚಿತ್ರಗಳನ್ನು, ಹಾಗೇ ಹಾಕಿದರೆ ಸಿಪಿಎಸ್-2 ಪಾತ್ರ ಪಕ್ಕದ ನಿಯೋ ಜಿಯೋ ಪಾತ್ರಕ್ಕಿಂತ ಎದ್ದು ಕಾಣುವಷ್ಟು ಅಗಲವಾಗುತ್ತದೆ. ಸಿಪಿಎಸ್-2 ಪಾತ್ರಗಳಿಗೆ ಎಕ್ಸ್‌ಸ್ಕೇಲ್ (ಅಗಲದ ಗುಣಕ) 0.833, ವೈಸ್ಕೇಲ್ (ಎತ್ತರದ ಗುಣಕ) 1.071 ಹಾಕಿದ್ದೇವೆ, ನಿಯೋ ಜಿಯೋ ಪಾತ್ರಗಳಿಗೆ 1 ಮತ್ತು 1.071. ಇಲ್ಲಿ ಒಂದು ಎಚ್ಚರಿಕೆ: ಸ್ಕೇಲ್ ಬದಲಾದರೆ ಹೊಡೆತ ತಾಗಿತೇ ಎಂದು ಎಂಜಿನ್ ನೋಡುವ ಪೆಟ್ಟಿಗೆಗಳೂ ಜೊತೆಗೇ ಕುಗ್ಗುತ್ತವೆ, ವೇಗದ ಸಂಖ್ಯೆಗಳು ಕುಗ್ಗುವುದಿಲ್ಲ. ಕೈ ಚಾಚುವ ದೂರ 17% ಕಡಿಮೆಯಾಯಿತು, ಆದರೆ ಹೊಡೆತ ತಿಂದವನು ಹಿಂದೆ ಸರಿಯುವ ದೂರ ಅಷ್ಟೇ ಉಳಿಯಿತು. ಹಾಗಾಗಿ ಮೊದಲು ಕೂಡುತ್ತಿದ್ದ ಕಾಂಬೊಗಳಲ್ಲಿ (ಬಿಡುವಿಲ್ಲದೆ ಸಾಲಾಗಿ ತಾಗುವ ಹೊಡೆತಗಳಲ್ಲಿ) ಮೂರನೇ ಹೊಡೆತ ಗಾಳಿಗೆ ಹೋಗತೊಡಗಿತು. ಓಟದ ವೇಗವನ್ನೂ ಪ್ರತಿ ಹಿಟ್‌ಡೆಫ್‌ನ (ಒಂದು ಹೊಡೆತದ ಗುಣಗಳನ್ನು ಬರೆಯುವ ಭಾಗದ) ಅಡ್ಡ ವೇಗವನ್ನೂ 0.833ರಿಂದ ಗುಣಿಸಿದ ಮೇಲೆ ಸರಿಹೋಯಿತು.

ಹೆಚ್ಚು ದಿನ ತಿಂದದ್ದು ಜಗಲ್. ಬೀಳುತ್ತಿರುವ ಎದುರಾಳಿಗೆ ಗಾಳಿಯಲ್ಲೇ ಎಷ್ಟು ಹೊಡೆಯಬಹುದು ಎಂಬುದಕ್ಕೆ ಎಂಜಿನ್ 15 ಅಂಕ ಕೊಡುತ್ತದೆ. ಹೊಡೆತದ ಸ್ಟೇಟ್‌ಡೆಫ್‌ನಲ್ಲಿ (ಪಾತ್ರದ ಒಂದು ಸ್ಟೇಟ್, ಅಂದರೆ ಸ್ಥಿತಿ, ಶುರುವಾಗುವ ಭಾಗದಲ್ಲಿ) ಬರೆದ ಜಗಲ್ ಸಂಖ್ಯೆ ಅದರಿಂದ ಕಳೆಯುತ್ತದೆ. ಉಳಿದ ಅಂಕ ಸಾಲದಿದ್ದರೆ ಹೊಡೆತ ತಾಗದೆ ದಾಟಿಹೋಗುತ್ತದೆ. ಲೈಟ್‌ಗೆ 2, ಮೀಡಿಯಂಗೆ 4, ಸ್ಟ್ರಾಂಗ್‌ಗೆ 5, ಸ್ಪೆಷಲ್‌ಗೆ 6 ಎಂದು ಎಲ್ಲ ಪಾತ್ರಗಳಿಗೂ ನಿಗದಿ ಮಾಡಿದೆವು. ಒಂದೇ ಹೊಡೆತ ಎರಡು ಮೂರು ಸ್ಟೇಟ್‌ಗಳಲ್ಲಿ ಹರಡಿದ್ದರೆ ಮೊದಲ ಸ್ಟೇಟ್‌ನಲ್ಲಿ ಮಾತ್ರ ಬರೆಯಬೇಕು.

ಇಷ್ಟಾದರೂ ಒಂದು ಪಾತ್ರ ಮೂಲೆಯಲ್ಲಿ ಎದುರಾಳಿಯನ್ನು ನೆಲ ಮುಟ್ಟಗೊಡದೆ 1000 ಲೈಫನ್ನೂ ಇಳಿಸುತ್ತಿತ್ತು. ಟ್ರೇನಿಂಗ್ ಮೋಡ್‌ನಲ್ಲಿ ಡೀಬಗ್ (ದೋಷ ಹುಡುಕುವ ಮಾಹಿತಿ) ತೆರೆದು ಫ್ರೇಮ್ ಫ್ರೇಮ್ ನೋಡಿದಾಗ ಕಾರಣ ಸಿಕ್ಕಿತು. ಪಂಚ್‌ಗಳಿಗೆ ಅಂಕ ಕಳೆಯುತ್ತಿತ್ತು, ಬೆಂಕಿಯುಂಡೆಗೆ ಕಳೆಯುತ್ತಲೇ ಇರಲಿಲ್ಲ. ಎಸೆದ ಉಂಡೆ ತನ್ನದೇ ಹಿಟ್‌ಡೆಫ್‌ನಲ್ಲಿರುವ ಏರ್‌.ಜಗಲ್ ಅನ್ನು ನೋಡುತ್ತದೆ, ಸ್ಟೇಟ್‌ಡೆಫ್‌ನ ಜಗಲ್ ಅನ್ನಲ್ಲ. ಅಲ್ಲಿ ಏನೂ ಬರೆಯದಿದ್ದರೆ ಅದರ ಬೆಲೆ ಸೊನ್ನೆ. ಉಂಡೆ ಎಸೆಯುವ ಪ್ರತಿ ಪಾತ್ರಕ್ಕೂ ಅಲ್ಲಿ 6 ಬರೆದೆವು. ಈಗ ಮೂಲೆಯಲ್ಲಿ ಎರಡು ಉಂಡೆ ತಾಗುತ್ತವೆ, ಮೂರನೆಯದು ದಾಟಿಹೋಗುತ್ತದೆ. ಯಾವ ಹೊಸ ಪಾತ್ರ ಬಂದರೂ ಮೊದಲು ಹುಡುಕಬೇಕಾದ ಸಾಲು ಇದೇ.

ಸೈಮಲ್‌ನಲ್ಲಿ ಎರಡು ಕಡೆಯಿಂದಲೂ ಇಬ್ಬಿಬ್ಬರು ಒಟ್ಟಿಗೆ ಆಡುತ್ತಾರೆ. ಒಂದು ಥ್ರೋ (ಹಿಡಿದು ಎಸೆಯುವ ಪಟ್ಟು) ಹಾಕಿದರೆ ಇಬ್ಬರು ಎದುರಾಳಿಗಳೂ ಒಬ್ಬರ ಮೇಲೊಬ್ಬರು ಅಂಟಿಕೊಂಡು ಮೇಲೆದ್ದು ಒಟ್ಟಿಗೆ ಬೀಳುತ್ತಿದ್ದರು, ಇಬ್ಬರಿಗೂ ಪೂರ್ತಿ ಡ್ಯಾಮೇಜ್. ಆ ಥ್ರೋ ಬರೆದವರು ಅದರ ಗುಣವನ್ನು ಎನ್‌ಟಿ, ಅಂದರೆ ನಾರ್ಮಲ್ ಥ್ರೋ, ಎನ್ನದೆ ಎನ್‌ಎ, ಅಂದರೆ ನಾರ್ಮಲ್ ಅಟ್ಯಾಕ್, ಎಂದು ಹಾಕಿದ್ದರು. ಥ್ರೋ ಎಂದು ಗುರುತಾದರೆ, ಒಬ್ಬನಿಗೇ ತಾಗಬೇಕೇ ಎಂದು ಹೇಳುವ ಹಿಟ್‌ವನ್ಸ್ ತಾನಾಗಿಯೇ 1 ಆಗುತ್ತದೆ, ಒಬ್ಬನನ್ನೇ ಹಿಡಿಯುತ್ತದೆ. ಅಟ್ಯಾಕ್ ಎಂದಿದ್ದರೆ 0, ಎದುರಿಗಿದ್ದವರೆಲ್ಲ ಕೈಗೆ ಸಿಗುತ್ತಾರೆ. ಎನ್‌ಟಿ ಎಂದು ತಿದ್ದಿದ್ದರಿಂದ ಇನ್ನೊಂದು ಲಾಭವೂ ಆಯಿತು: ಏಳುವಾಗ ಥ್ರೋಗೆ ಸಿಗದಂತೆ ಬರೆದ ಪಾತ್ರಗಳ ರಕ್ಷಣೆ ಈಗ ನಿಜವಾಗಿಯೂ ಕೆಲಸ ಮಾಡುತ್ತಿದೆ.

ಸರ್ವೈವಲ್‌ನ ತೊಂದರೆ ಬೇರೆ ಬಗೆಯದು. ಹಿಂದಿನ ಪಂದ್ಯದಲ್ಲಿ ಸೂಪರ್ ಹಾಕಿ ಬಲ ಏರಿಸಿಕೊಂಡ ಪಾತ್ರ ಮುಂದಿನ ಪಂದ್ಯಕ್ಕೂ ಅದೇ ಬಲದಲ್ಲಿ ಇಳಿಯುತ್ತಿತ್ತು. ಇಂಟ್‌ಪರ್ಸಿಸ್ಟ್‌ಇಂಡೆಕ್ಸ್ ಎಂಬ ಸೆಟ್ಟಿಂಗ್‌ನಲ್ಲಿ ಕೊಟ್ಟ ಸಂಖ್ಯೆಯ ಮತ್ತು ಅದಕ್ಕಿಂತ ಮೇಲಿನ ವೇರಿಯೇಬಲ್‌ಗಳು (ಪಾತ್ರ ನೆನಪಿಟ್ಟುಕೊಳ್ಳುವ ಬೆಲೆಗಳು) ಸುತ್ತು ಮುಗಿದರೂ ಪಂದ್ಯ ಮುಗಿದರೂ ಅಳಿಸಿಹೋಗುವುದಿಲ್ಲ. ಆ ಸಂಖ್ಯೆಯನ್ನು 60 ಮಾಡಿದರೆ ಎಲ್ಲವೂ ಅಳಿಯುತ್ತದೆ, ಆದರೆ ಅದು ತಪ್ಪು ದಾರಿ: ಆಟಗಾರ ಮೊದಲ ಸುತ್ತಿನಲ್ಲಿ ಆರಿಸಿಕೊಂಡ ಶೈಲಿಯೂ ಅಲ್ಲೇ ಕೂತಿರುತ್ತದೆ, ಎರಡನೇ ಸುತ್ತಿಗೆ ಅದು ಮಾಯ. ಬಲದ ಟೈಮರ್ ಒಂದನ್ನೇ ರೌಂಡ್‌ಸ್ಟೇಟ್ 0ರಲ್ಲಿ, ಅಂದರೆ ಸುತ್ತು ಶುರುವಾಗುವ ಮುನ್ನ, ಸೊನ್ನೆಗೆ ತರುವ ವಾರ್‌ಸೆಟ್ (ವೇರಿಯೇಬಲ್‌ಗೆ ಬೆಲೆ ಹಾಕುವ ಸಾಲು) ಸೇರಿಸಿದ್ದೇವೆ.

ಆರ್ಕೇಡ್ ಮೋಡ್‌ನಲ್ಲಿ ಪಂದ್ಯಗಳ ಸಾಲು 6,1,1: ಆರ್ಡರ್ (ಎದುರಾಗುವ ಸರದಿಯ ಗುಂಪು) 1ರ ಆರು ಜನ, ಆಮೇಲೆ ಮಧ್ಯದ ಬಾಸ್, ಕೊನೆಯ ಬಾಸ್. ಕಂಪ್ಯೂಟರ್ ಆಡುತ್ತಿದೆಯೇ ಎಂದು ಊಹಿಸಲು ಹಳೆಯ ಪಾತ್ರಗಳಲ್ಲಿದ್ದ ಕೃತಕ ಕಮಾಂಡ್‌ಗಳನ್ನೆಲ್ಲ ತೆಗೆದು ಎಐಲೆವೆಲ್ ಟ್ರಿಗರ್ (ಎಂಜಿನ್ ತಾನೇ ಉತ್ತರಿಸುವ ಷರತ್ತು) ಹಾಕಿದೆವು. ಮನುಷ್ಯ ಆಡುವಾಗ ಅದು 0, ಇಲ್ಲದಿದ್ದರೆ 1ರಿಂದ 8.

ಬಾಕಿ ಇರುವುದು ಟ್ಯಾಗ್, ಅಂದರೆ ಒಂದೇ ತಂಡದ ಪಾತ್ರಗಳು ಪಂದ್ಯದ ನಡುವೆಯೇ ಒಳಗೆ ಹೊರಗೆ ಬದಲಾಗುವ ಮೋಡ್. ಪಾತ್ರ ಹೊರಗೆ ಹೋದರೂ ಅದು ಕರೆದ ಹೆಲ್ಪರ್‌ಗಳು (ಸಹಾಯಕ ಆಕೃತಿಗಳು) ಅಖಾಡದಲ್ಲೇ ಉಳಿದು ಹೊಡೆಯುತ್ತಿವೆ. ಪ್ರತಿ ಹೆಲ್ಪರ್‌ನ ಸ್ಟೇಟ್‌ನಲ್ಲೂ ಮೂಲ ಪಾತ್ರ ಹೊರಗಿದೆಯೇ ಎಂದು ನೋಡಿ ಡೆಸ್ಟ್ರಾಯ್‌ಸೆಲ್ಫ್ ಮಾಡುವ, ಅಂದರೆ ಹೆಲ್ಪರ್ ತಾನೇ ಅಳಿದುಹೋಗುವ, ಸಾಲು ಸೇರಿಸುತ್ತಿದ್ದೇವೆ. ಒಂಬತ್ತು ಪಾತ್ರಗಳಿಗೆ ಆಗಿದೆ, ಹದಿನೈದು ಉಳಿದಿವೆ. ಅಲ್ಲಿಯವರೆಗೆ ಮೆನುವಿನಲ್ಲಿ ಟ್ಯಾಗ್ ಮುಚ್ಚಿಯೇ ಇರುತ್ತದೆ.