ಉಪ್ಪುಗಾಳಿಯ ಊರಲ್ಲಿ ಕಂಟ್ರೋಲರ್ ರಿಪೇರಿ: ಎಡಗಡೆ ಸ್ಟಿಕ್‌ನ ಕೆಲಸ ಮುಗಿಯಿತು

ಶಿರಸಿಯಿಂದ ಅಕ್ಕನ ಮಗ ಕಳಿಸಿದ ವಿಡಿಯೋ ಗೇಮ್ ಕಂಟ್ರೋಲರ್‌ನ ಎಡಗಡೆ ಸ್ಟಿಕ್ (ಹೆಬ್ಬೆರಳಿನಿಂದ ತಿರುಗಿಸುವ ಪುಟ್ಟ ಕೋಲು) ಈಗ ಅಲುಗಾಡದೆ ನಡುವಲ್ಲಿ ನಿಲ್ಲುತ್ತಿದೆ. ಬಲಗಡೆಯದು ಬಾಕಿ ಇದೆ. ಹಿಂಬದಿ ಬಟನ್, ಟ್ರಿಗರ್ ಎಷ್ಟು ಒತ್ತಬೇಕೆಂದು ಹೊಂದಿಸುವ ಲಾಕ್, ರಬ್ಬರ್ ಹಿಡಿ ಎಲ್ಲಾ ಇರುವ ದುಬಾರಿ ಮಾದರಿ ಇದು. ಅವನು ಕೇಳಿದ್ದು ಇಷ್ಟು: "ಮಾವ, ಗುರಿ ಇಟ್ರೆ ತಾನಾಗೇ ಪಕ್ಕಕ್ಕೆ ಜಾರುತ್ತೆ, ಒತ್ತಿದ್ದು ತಡವಾಗಿ ಕಾಣುತ್ತೆ. ಕನ್ಸೋಲ್ ಹಳೇದಾಯ್ತಾ, ಕಂಟ್ರೋಲರ್ ಹೋಯ್ತಾ?"

ಜಾರೋದು ಬೇರೆ, ತಡವಾಗೋದು ಬೇರೆ. ಅದಕ್ಕೇ ಎರಡನ್ನೂ ಬಿಡಿಸಿ ನೋಡಿದೆ.

ಮೊದಲು ಜಾರುವುದು. ಒಳಗೆ ಇದ್ದದ್ದು ಮಾಮೂಲಿ ಕಂಟ್ರೋಲರ್‌ಗಳಲ್ಲಿ ಇರುವಂಥದೇ ಪೊಟೆನ್ಷಿಯೋಮೀಟರ್. ಕಾರ್ಬನ್ ಪಟ್ಟಿಯ ಮೇಲೆ ಸಣ್ಣ ಲೋಹದ ಬೆರಳು ಉಜ್ಜುತ್ತಾ ಓಡಾಡುತ್ತದೆ, ಅದು ಎಲ್ಲಿದೆ ಅನ್ನುವುದರ ಮೇಲೆ ವೋಲ್ಟೇಜ್ ಬದಲಾಗುತ್ತದೆ. ಉಜ್ಜಿದಲ್ಲಿ ಪಟ್ಟಿ ಸವೆಯಲೇಬೇಕು. ಈ ಬಗೆಯ ಸ್ಟಿಕ್‌ಗೆ ತಯಾರಕರು ಹೇಳುವ ಬಾಳಿಕೆ ಸುಮಾರು 20 ಲಕ್ಷ ಸುತ್ತು. ಕೇಳೋಕೆ ಜಾಸ್ತಿ ಅನಿಸುತ್ತದೆ, ಅಲ್ವಾ? ನಿಮಿಷಕ್ಕೆ 80 ಸಲ ತಿರುಗಿಸುವ ಶೂಟಿಂಗ್ ಆಟ ಅಂದುಕೊಳ್ಳಿ. ಸುಮಾರು 417 ಗಂಟೆಗೆ ಲೆಕ್ಕ ಮುಗಿಯಿತು. ದಿನಕ್ಕೆ ಎರಡು ಗಂಟೆ ಆಡುವ ಹುಡುಗನಿಗೆ ಅದು ಏಳು ತಿಂಗಳೂ ಬರುವುದಿಲ್ಲ.

ನನಗೆ ನಿಜಕ್ಕೂ ಬೇಜಾರಾಗುವುದು ಇಲ್ಲೇ. ಅಷ್ಟು ದುಡ್ಡು ಕೊಟ್ಟು ತೆಗೆದುಕೊಂಡ ವಸ್ತುವಿನಲ್ಲಿ ಮೊದಲು ಸವೆಯುವ ಭಾಗ ಮಾತ್ರ ಅಗ್ಗದ್ದೇ. ಉಜ್ಜದೆ, ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರ್ ಹೊಸ ಸಂಗತಿಯೇನಲ್ಲ. 1998ರ ಸೆಗಾ ಡ್ರೀಮ್‌ಕಾಸ್ಟ್ ಕಂಟ್ರೋಲರ್‌ನಲ್ಲೇ ಅದು ಇತ್ತು. ಸೋನಿಯ 2023ರ ಡ್ಯುಯಲ್‌ಸೆನ್ಸ್ ಎಡ್ಜ್ ಕಂಟ್ರೋಲರ್‌ನಲ್ಲಿ ಸ್ಟಿಕ್ ಭಾಗವನ್ನು ಬೆಸುಗೆಯಿಲ್ಲದೆ ಬಿಚ್ಚಿ ಬದಲಿಸಬಹುದು. ಅದು ಒಳ್ಳೆಯ ಯೋಚನೆ. ಆದರೆ ಬದಲಿಸುವ ಭಾಗದಲ್ಲೂ ಪೊಟೆನ್ಷಿಯೋಮೀಟರೇ ಇದೆ.

ನನ್ನ ಕೈಯಲ್ಲಿರುವುದಕ್ಕೆ ಬೆಸುಗೆ ಬಿಡಿಸದೆ ದಾರಿಯಿಲ್ಲ. ಒಂದು ಸ್ಟಿಕ್‌ಗೆ 14 ಕಾಲುಗಳು: ಎರಡು ಪೊಟೆನ್ಷಿಯೋಮೀಟರ್‌ಗೆ ಆರು, ಒತ್ತುವ ಸ್ವಿಚ್‌ಗೆ ನಾಲ್ಕು, ಚೌಕಟ್ಟಿಗೆ ನಾಲ್ಕು. ಫ್ಯಾಕ್ಟರಿಯ ಸೀಸವಿಲ್ಲದ ಸೋಲ್ಡರ್ (ಬೆಸುಗೆಯ ಲೋಹ) ಕರಗಲು 217 ಡಿಗ್ರಿಯಷ್ಟು ಬೇಕು. ಗ್ರೌಂಡ್ ಕಾಲುಗಳಂತೂ ಶಾಖವನ್ನೆಲ್ಲ ಬೋರ್ಡಿನ ತಾಮ್ರಕ್ಕೇ ಎಳೆದುಕೊಳ್ಳುತ್ತವೆ. ಅದಕ್ಕೆ ಪ್ರತಿ ಕಾಲಿಗೂ ಬೆಸುಗೆ ಚೆನ್ನಾಗಿ ಹರಿಯಲು ಫ್ಲಕ್ಸ್ ಹಚ್ಚಿ, 183 ಡಿಗ್ರಿಗೇ ಕರಗುವ ತವರ-ಸೀಸದ 63/37 ಸೋಲ್ಡರ್ ಬೆರೆಸಿ, ಆಮೇಲೆ ಪಂಪ್‌ನಿಂದ ಹೀರಿದೆ. ಇಲ್ಲಿ ಅವಸರ ಬೇಡವೇ ಬೇಡ. ಜೋರಾಗಿ ಕಿತ್ತರೆ ತೂತಿನೊಳಗಿನ ತಾಮ್ರವೂ ಜೊತೆಗೇ ಬರುತ್ತದೆ, ಆಮೇಲೆ ಬೋರ್ಡ್ ಉಳಿಸುವುದು ಕಷ್ಟ.

ಚೌಕಟ್ಟಿನ ಅಂಚಿಗೆ ಆಗಲೇ ತುಕ್ಕು ಹಿಡಿದಿತ್ತು. ಅವನು ಹೋದ ವರ್ಷದವರೆಗೂ ಇಲ್ಲೇ ಕಾರವಾರದ ಕೋಡಿಬಾಗದಲ್ಲಿ ನಮ್ಮ ಜೊತೆ ಇದ್ದ. ಒಂದು ಕಡೆ ಕಾಳಿ ನದಿ, ಇನ್ನೊಂದು ಕಡೆ ಸಮುದ್ರ. ಜೂನ್ ಬಂತೆಂದರೆ ಬಟ್ಟೆಯೇ ಒಣಗುವುದಿಲ್ಲ, ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಲೋಹದ ಮೇಲೆ ಕೂರುತ್ತದೆ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಉಜ್ಜಿ ತೊಳೆದ ಮೇಲೆ ಕಿಲುಬಿನ ಹಸಿರು ಕಲೆ ಹೋಯಿತು.

ಹೊಸದಾಗಿ ಹಾಕಿದ್ದು ಟಿಎಂಆರ್ ಸ್ಟಿಕ್, ಇದೂ ಅಯಸ್ಕಾಂತದ ಬಗೆಯದೇ. ಇದರಲ್ಲಿ ಸೆನ್ಸರ್ ಅಯಸ್ಕಾಂತದ ದಿಕ್ಕನ್ನು ಓದುತ್ತದೆ, ಉಜ್ಜುವ ಪಟ್ಟಿಯೇ ಇಲ್ಲ. ಹಾಲ್ ಸೆನ್ಸರ್‌ಗಿಂತ ಕಡಿಮೆ ಕರೆಂಟ್ ಸಾಕು, ಹಾಗಾಗಿ ಬ್ಯಾಟರಿಗೂ ಭಾರವಲ್ಲ. ಹಾಗಂತ ಇದು ಶಾಶ್ವತವೇನೂ ಅಲ್ಲ. ಸ್ಪ್ರಿಂಗ್ ಸಡಿಲವಾಗುತ್ತದೆ, ಒತ್ತುವ ಸ್ವಿಚ್ ಸವೆಯುತ್ತದೆ. ಕೇಬಲ್‌ನಲ್ಲಿ ಕಂಪ್ಯೂಟರಿಗೆ ಜೋಡಿಸಿ ನಡುಬಿಂದು ಮತ್ತು ಅಂಚು ಎರಡನ್ನೂ ಕ್ಯಾಲಿಬ್ರೇಟ್ ಮಾಡಿದೆ. ಡೆಡ್‌ಜೋನ್ (ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯದ ಜಾಗ) ಹೆಚ್ಚಿಸಿ ಜಾರುವುದನ್ನು ಮುಚ್ಚಿಡುವುದು ನನಗೆ ಇಷ್ಟವಿಲ್ಲ. ಹಾಗೆ ಮಾಡಿದರೆ ಸೂಕ್ಷ್ಮವಾಗಿ ಗುರಿ ಸರಿಸುವ ಸುಖವೇ ಹೋಗುತ್ತದೆ.

ಇನ್ನು ತಡವಾಗುವುದು. ಅವನ ಪಿಎಸ್5 ಕನ್ಸೋಲ್‌ನಲ್ಲಿ ಆಟ ಚಿತ್ರದ ಅಂದಕ್ಕೆ ಒತ್ತು ಕೊಡುವ ಕ್ವಾಲಿಟಿ ಮೋಡ್‌ನಲ್ಲಿತ್ತು, ಸೆಕೆಂಡಿಗೆ 30 ಫ್ರೇಮ್. ಅಂದರೆ ಒಂದು ಚಿತ್ರ 33.3 ಮಿಲಿಸೆಕೆಂಡ್ ಪರದೆಯ ಮೇಲೆ ಇರುತ್ತದೆ. 60ಕ್ಕೆ ಹೋದರೆ 16.7. ಎಂಥ ಕಂಟ್ರೋಲರ್ ಹಿಡಿದರೂ ಮುಂದಿನ ಫ್ರೇಮ್ ಬರುವವರೆಗೆ ಕಾಯಲೇಬೇಕು. ಫ್ರೇಮ್ ಹೆಚ್ಚಿಸುವ ಪರ್ಫಾರ್ಮೆನ್ಸ್ ಮೋಡ್ ಹಾಕು, ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡು ಅಂತ ಫೋನಿನಲ್ಲಿ ಹೇಳಿದೆ. ಮನೆಯಲ್ಲಿದ್ದ ಮಾಮೂಲಿ ಕಂಟ್ರೋಲರ್‌ನಲ್ಲೇ ಆಡಿ ನೋಡಿ, ತಡ ಹೋಯಿತು ಅಂದ.

ಎಲ್ಲ ಆಟದಲ್ಲೂ ಮೋಡ್ ಬದಲಿಸಿದರೆ ತಡ ಹೋಗುವುದಿಲ್ಲ. ಪಿಎಸ್5ನದು 3.5 ಗಿಗಾಹರ್ಟ್ಸ್‌ವರೆಗೆ ಓಡುವ ಎಂಟು ಕೋರ್‌ಗಳ ಝೆನ್ 2 ಬಗೆಯ ಸಿಪಿಯು (ಲೆಕ್ಕ ಮಾಡುವ ಮುಖ್ಯ ಭಾಗ). ಜನಜಂಗುಳಿ, ಭೌತಿಕ ಲೆಕ್ಕ ಜಾಸ್ತಿ ಇರುವ ಆಟದಲ್ಲಿ ಸಿಪಿಯುವೇ ಸುಸ್ತಾದರೆ, ರೆಸಲ್ಯೂಷನ್ ಇಳಿಸಿದರೂ ಫ್ರೇಮ್ ಹೆಚ್ಚುವುದಿಲ್ಲ. 2024ರ ಪಿಎಸ್5 ಪ್ರೋದಲ್ಲಿ ಗ್ರಾಫಿಕ್ಸ್ ಬಹಳ ಬಲವಾಯಿತು, ಸಿಪಿಯು ಮಾತ್ರ ಅದೇ ಬಗೆಯದು. ಬಿಡುಗಡೆಯಾದಾಗ ಭಾರತದಲ್ಲಿ ಮಾರಾಟಕ್ಕೂ ಬರಲಿಲ್ಲ. ಹಾಗಾಗಿ ಕನ್ಸೋಲ್ ಬದಲಿಸುವ ಮಾತನ್ನು ಅಲ್ಲಿಗೇ ಬಿಟ್ಟೆವು.

ಮುಂದಿನ ಕೆಲಸ ಬಲಗಡೆ ಸ್ಟಿಕ್. ಆಮೇಲೆ ಬೆವರಿಗೆ ಅಂಟು ಬಿಟ್ಟು ಎದ್ದಿರುವ ರಬ್ಬರ್ ಹಿಡಿ. ಬಿಚ್ಚಿದ ಬೋರ್ಡನ್ನು ಈಗ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಎರಡನೇ ಟಿಎಂಆರ್ ಸ್ಟಿಕ್ ಕೊರಿಯರ್‌ನಲ್ಲಿ ಬರಬೇಕು, ಬಂದ ಕೂಡಲೇ ಶುರು.