ಮಂದಿರಕ್ಕಿಂತ ಹಳೆಯ ಚರಿತ್ರೆ: ನಾರಾದ ತೋಶೋದೈಜಿ

ಜಪಾನಿನ ನಾರಾದಿಂದ ತೋಶೋದೈಜಿ ಬೌದ್ಧ ವಿಹಾರಕ್ಕೆ ಹೊರಟವರು ಯಾಮಾತೊ-ಸೈದೈಜಿಯಲ್ಲಿ ರೈಲು ಬದಲಿಸಿ ನಿಶಿನೋಕ್ಯೋದಲ್ಲಿ ಇಳಿಯಬೇಕು. ವೇಗದ ಗಾಡಿಗಳು ಎಲ್ಲ ಹೊತ್ತಿನಲ್ಲೂ ಇಲ್ಲಿ ನಿಲ್ಲುವುದಿಲ್ಲ, ಲೋಕಲ್ ಹತ್ತುವುದೇ ಕ್ಷೇಮ. ಅಲ್ಲಿಂದ ಉತ್ತರಕ್ಕೆ ಹತ್ತು ನಿಮಿಷದ ನಡಿಗೆ. ಸಂಜೆ 4:30 ದಾಟಿದರೆ ಒಳಗೆ ಬಿಡುವುದಿಲ್ಲ.

ದಕ್ಷಿಣ ಬಾಗಿಲು ದಾಟಿದೊಡನೆ ಎಂಟು ಕಂಬಗಳ ಸಾಲು ಹೊತ್ತ ಮುಖ್ಯ ಮಂದಿರ, ಕೊಂದೊ. ಬಂದವರೆಲ್ಲ ಇದನ್ನು ಗಾಂಜಿನ್ ಕಟ್ಟಿಸಿದ್ದೆಂದೇ ತಿಳಿಯುತ್ತಾರೆ. ಚೀನಾದ ಯಾಂಗ್‌ಝೌನಿಂದ ಬಂದು ಜಪಾನಿನಲ್ಲಿ ಭಿಕ್ಷುಗಳ ಶಿಸ್ತಿನ ನಿಯಮಗಳಿಗೆ ಒತ್ತು ಕೊಡುವ ವಿನಯ ಪಂಥಕ್ಕೆ ಬುನಾದಿ ಹಾಕಿದ ಈ ಭಿಕ್ಷು ವಿಹಾರ ಸ್ಥಾಪಿಸಿದ್ದು 759ರಲ್ಲಿ, ತೀರಿಕೊಂಡದ್ದು 763ರಲ್ಲಿ. ಕೊಂದೊದ ಮಾಡಿನ ಮರಗಳ ಉಂಗುರ ಎಣಿಸಿದಾಗ, ಅವನ್ನು ಕಡಿದದ್ದೆಂದು ಸಿಕ್ಕ ವರ್ಷ 781. ಗಾಂಜಿನ್ ಅವರ ಜೀವನಚರಿತ್ರೆಯನ್ನು ಆಸ್ಥಾನದ ವಿದ್ವಾಂಸ ಓಮಿ ನೊ ಮಿಫುನೆ ಬರೆದದ್ದು 779ರಲ್ಲಿ. ಚರಿತ್ರೆಗೇ ವಯಸ್ಸು ಹೆಚ್ಚು!

ಗಾಂಜಿನ್ ಜಪಾನಿಗೆ ಬಂದ ಹಡಗನ್ನು ಮಿಫುನೆ ಹತ್ತಿದವನಲ್ಲ. ಗಾಂಜಿನ್ ಅವರ ಶಿಷ್ಯ ಸಿತುವೊ ಬರೆದಿದ್ದ ದೊಡ್ಡ ಚರಿತ್ರೆಯನ್ನು ಅವನು ಚಿಕ್ಕದಾಗಿಸಿ ಬರೆದ. ಆ ಮೂಲದ ತುಣುಕುಗಳಷ್ಟೇ ಉಳಿದಿವೆ. ಜಪಾನ್ ತಲುಪಲು ಮಾಡಿದ ಆರು ಸಲದ ಪ್ರಯತ್ನದಲ್ಲೂ ಗುರುವನ್ನು ಬಿಡದಿದ್ದವರು ಸಿತುವೊ ಮತ್ತು ಜಪಾನಿನ ಭಿಕ್ಷು ಫುಶೋ, ಇಬ್ಬರೇ. ಐದನೆಯ ಸಲ ಬಿರುಗಾಳಿ ಹಡಗನ್ನು ಚೀನಾದ ದಕ್ಷಿಣ ತುದಿಯ ಹೈನಾನ್ ದ್ವೀಪಕ್ಕೆ ತಳ್ಳಿದ ಭಾಗ ಕಣ್ಣಾರೆ ಕಂಡವನ ಮಾತಿನಂತಿರುವುದು ಅದಕ್ಕೇ. ಹಾಗೆಂದು ಎಲ್ಲವನ್ನೂ ಕಣ್ಣು ಮುಚ್ಚಿ ಒಪ್ಪುವಂತಿಲ್ಲ. ಗಾಂಜಿನ್ ತೀರಿಕೊಂಡಾಗ ಈ ಚರಿತ್ರೆಯ ಲೆಕ್ಕದಲ್ಲಿ 76 ವರ್ಷ, 797ರ ರಾಜವೃತ್ತಾಂತ ‘ಶೋಕು ನಿಹೊಂಗಿ’ಯಲ್ಲಿ 77. ಜಪಾನ್ ತಲುಪುವ ಮೊದಲೇ ಎರಡೂ ಕಣ್ಣು ಹೋಗಿದ್ದವೆಂದು ಚರಿತ್ರೆ ಹೇಳುತ್ತದೆ; ನಾರಾದ ಶೋಸೋಇನ್ ಭಂಡಾರದಲ್ಲಿರುವ, 754ರಲ್ಲಿ ಅವರ ಹೆಸರಿನಲ್ಲಿ ಗ್ರಂಥಗಳನ್ನು ಕೇಳಿ ಬರೆದ ಪತ್ರವನ್ನು ಮುಂದಿಟ್ಟು, ಅದು ಅವರದೇ ಕೈಬರಹವೇ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ.

ಕೊಂದೊದ ಹಿಂದಿನ ಉಪನ್ಯಾಸ ಮಂದಿರದಲ್ಲಿ ಹೆಚ್ಚು ಹೊತ್ತು ನಿಲ್ಲಿ. ಆಗಿನ ರಾಜಧಾನಿ ನಾರಾದ ಹೇಜೋ ಅರಮನೆಯ ಕಟ್ಟಡವನ್ನು ಬಿಚ್ಚಿ ತಂದು ನಿಲ್ಲಿಸಿದ್ದು ಇದು. 763ರ ವಸಂತದಲ್ಲಿ ಇದರ ತೊಲೆ ಮುರಿದಂತೆ ಶಿಷ್ಯ ನಿಂಕಿಗೆ ಕನಸು ಬಿತ್ತಂತೆ. ಗುರುವಿನ ಕಾಲ ಮುಗಿಯಿತೆಂದು ಬಗೆದು ಅವರ ಮೂರ್ತಿ ಮಾಡಿಸಿದರಂತೆ. ಮಣ್ಣಿನ ಅಚ್ಚಿನ ಮೇಲೆ ಲ್ಯಾಕರ್ ಮರದ ಅಂಟಿನಲ್ಲಿ ಅದ್ದಿದ ಬಟ್ಟೆಯನ್ನು ಪದರ ಪದರವಾಗಿ ಅಂಟಿಸಿ, ಒಣಗಿದ ಮೇಲೆ ಮಣ್ಣು ತೆಗೆಯುತ್ತಾರೆ, ಒಳಗೆ ಟೊಳ್ಳು. ಎತ್ತರ ಸುಮಾರು 80 ಸೆಂಟಿಮೀಟರ್. ನಿಜವಾದ ಮೂರ್ತಿಯ ದರ್ಶನ ಜೂನ್ 6ರ ಆಸುಪಾಸಿನ ಮೂರು ದಿನ ಮಾತ್ರ. ಉಳಿದ ದಿನ ಸ್ಥಾಪಕರ ಮಂದಿರವಾದ ಕೈಸಾನ್‌ದೊದಲ್ಲಿ ಕಾಣುವುದು 2013ರ ಪ್ರತಿರೂಪ. ಅದನ್ನೇ ಅಸಲಿ ಎಂದುಕೊಂಡು ಮರಳುವವರು ಇದ್ದಾರೆ.

ವಾಪಸಾಗುವಾಗ ಕೊಂದೊ ಮತ್ತೆ ಸಿಗುತ್ತದೆ. 835ರ ವಿಹಾರದ ದಾಖಲೆ ಇದನ್ನು ಕಟ್ಟಿಸಿದ ಹೆಸರನ್ನು ಶಿಷ್ಯ ರುಬಾವೊಗೆ ಕೊಡುತ್ತದೆ. 779ರ ಚರಿತ್ರೆಯಲ್ಲಿ ಅವನಿಗೆ ಸಿಕ್ಕಿದ್ದು ಹಡಗಿನಲ್ಲಿ ಬಂದವರ ಪಟ್ಟಿಯಲ್ಲೊಂದು ಜಾಗ: ‘ಹು ದೇಶದ ಆನ್ ರುಬಾವೊ’ (‘ಹು’ ಎಂದರೆ ಚೀನಾದ ಪಶ್ಚಿಮಕ್ಕಿದ್ದ ಹೊರನಾಡು).