ತಾತನಿಗೆ ಯಾವುದರ ಡ್ರಿಲ್?

ಕಳೆದ ವಾರ ವಿಡಿಯೋ ಕರೆಯಲ್ಲಿ ನಮ್ಮ ಮಗಳು ಬಸವನಗುಡಿಯ ತಾತನನ್ನು ಕೇಳಿದಳು: "ತಾತ, ಲಾಲ್‌ಬಾಗ್ ಬಂಡೆ ಸಿಡಿದರೆ ಯಾವ ಕಡೆ ನಡೀಬೇಕು ಅಂತ ನಿಮಗೆ ಹೇಳಿಕೊಟ್ಟಿದ್ದಾರಾ?" ಅಪ್ಪ ನಕ್ಕು, "ಅದು ಸಿಡಿಯೋ ಬಂಡೆ ಅಲ್ಲ ಕಂದ, ಮುನ್ನೂರು ಕೋಟಿ ವರ್ಷದಿಂದ ತಣ್ಣಗೆ ಕೂತಿದೆ" ಎಂದರು. "ಹಾಗಾದ್ರೆ ನಿಮಗೆ ಯಾವುದರ ಡ್ರಿಲ್ ಮಾಡಿಸ್ತಾರೆ?" ಎಂದಳು ಅವಳು. ಅಪ್ಪ ತುಸು ಹೊತ್ತು ಸುಮ್ಮನಿದ್ದು, ಊಟವಾಯಿತೇ ಎಂದು ಮಾತು ಬದಲಿಸಿದರು. ಆ ಪ್ರಶ್ನೆ ನನ್ನನ್ನು ಮಾತ್ರ ಇನ್ನೂ ಬಿಟ್ಟಿಲ್ಲ.

ನಾವಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಓರ್ಟಿಂಗ್ ಎಂಬ ಸಣ್ಣ ಊರಿನಲ್ಲಿ. ಮೋಡವಿಲ್ಲದ ದಿನ ರಸ್ತೆಯ ತುದಿಯಲ್ಲಿ 4,392 ಮೀಟರ್ ಎತ್ತರದ ಮೌಂಟ್ ರೇನಿಯರ್ ಬೆಳ್ಳಗೆ ನಿಂತಿರುತ್ತದೆ. ಭೂಮಿಯ ಹೊರಚಿಪ್ಪು ಫಲಕಗಳೆಂಬ ದೊಡ್ಡ ತುಂಡುಗಳಾಗಿದೆ; ಸಮುದ್ರದಡಿಯ ಹುವಾನ್ ಡಿ ಫುಕಾ ಫಲಕವು ಉತ್ತರ ಅಮೆರಿಕದ ಫಲಕದ ಕೆಳಗೆ ಜಾರುತ್ತಿರುವುದರಿಂದ ಹುಟ್ಟಿದ ಕ್ಯಾಸ್ಕೇಡ್ ಸಾಲಿನ ಜ್ವಾಲಾಮುಖಿಗಳಲ್ಲಿ ಇದೂ ಒಂದು. ಲಾವಾ, ಬೂದಿ ಮತ್ತು ಪುಡಿಗಲ್ಲು ಪದರದ ಮೇಲೆ ಪದರವಾಗಿ ಬಿದ್ದು, ಸುಮಾರು ಐದು ಲಕ್ಷ ವರ್ಷಗಳಲ್ಲಿ ಇಂದಿನ ಶಂಕುವಿನ ಆಕಾರ ಬೆಳೆದಿದೆ. ಅದರ ಮೈಮೇಲಿರುವ ಹಿಮನದಿಗಳಲ್ಲಿ, ಈ ಸಾಲಿನ ಉಳಿದೆಲ್ಲ ಜ್ವಾಲಾಮುಖಿಗಳಲ್ಲಿರುವುದಕ್ಕಿಂತ ಹೆಚ್ಚು ಹಿಮವಿದೆ.

ಇಲ್ಲಿನವರು ಹೆದರುವುದು ಲಾವಾಕ್ಕೆ ಅಲ್ಲ, ಲಹಾರ್ ಎಂಬ ಕೆಸರಿನ ಪ್ರವಾಹಕ್ಕೆ. ಬೆಟ್ಟದೊಳಗಿನ ಬಿಸಿ ಆಮ್ಲೀಯ ನೀರು ಗಟ್ಟಿ ಬಂಡೆಯನ್ನು ನಿಧಾನವಾಗಿ ಜೇಡಿಯಾಗಿಸುತ್ತದೆ; ಹಾಗೆ ಸಡಿಲಗೊಂಡ ಪಾರ್ಶ್ವವೊಂದು ಕುಸಿದರೆ, ತಾರಸಿಗೆ ಸುರಿಯುವ ಹಸಿ ಕಾಂಕ್ರೀಟಿನಷ್ಟು ಮಂದವಾದ ಕೆಸರು ಬಂಡೆ, ಮರ, ಸೇತುವೆಗಳನ್ನು ಹೊತ್ತು ಕಣಿವೆಯುದ್ದಕ್ಕೂ ಇಳಿಯುತ್ತದೆ. ಸುಮಾರು 5,600 ವರ್ಷಗಳ ಹಿಂದೆ ಶಿಖರವೇ ಕುಸಿದು ಹರಿದ ಓಸಿಯೋಲಾ ಕೆಸರು ಪ್ಯೂಜೆಟ್ ಸೌಂಡ್ ಎಂಬ ಕಡಲತೋಳನ್ನು ಮುಟ್ಟಿತ್ತು. ಸುಮಾರು 500 ವರ್ಷಗಳ ಹಿಂದೆ ಬಂದ, ಎಲೆಕ್ಟ್ರಾನ್ ಎಂದು ಹೆಸರಾದ ಕೆಸರಿನ ಜೊತೆಗೆ ಸ್ಫೋಟವಾದ ಕುರುಹು ಸಿಕ್ಕಿಲ್ಲ, ಎಂದರೆ ಬೆಟ್ಟ ಬೆಂಕಿ ಉಗುಳದೆಯೂ ಕುಸಿಯಬಲ್ಲದು. ಓರ್ಟಿಂಗ್ ನಿಂತಿರುವುದು ಆ ಕೆಸರಿನ ಮೇಲೆಯೇ. ಮನೆಗಳಿಗೆ ಪಾಯ ತೋಡುವಾಗ ಅಂದು ಹೂತುಹೋದ ಕಾಡಿನ ಬುಡಗಳು ಸಿಗುತ್ತವೆ. ಅಂಥದೊಂದು ಡಗ್ಲಸ್ ಫರ್ ಮರದ ಬುಡವನ್ನು ನಾನು ಮುಟ್ಟಿ ನೋಡಿದ್ದೇನೆ: ತೊಗಟೆ ಇನ್ನೂ ಅಂಟಿಕೊಂಡಿತ್ತು, ಅದರ ಸೀಳುಗಳಲ್ಲಿ ಬೂದುಬಣ್ಣದ ಜೇಡಿ ಕಲ್ಲಿನಂತೆ ಗಟ್ಟಿಯಾಗಿತ್ತು.

1998ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಮತ್ತು ನಮ್ಮ ಜಿಲ್ಲೆಯಾದ ಪಿಯರ್ಸ್ ಕೌಂಟಿ ಸೇರಿ ನೆಲದ ಕಂಪನದಿಂದ ಲಹಾರ್ ಗುರುತಿಸುವ ಎಚ್ಚರಿಕೆ ವ್ಯವಸ್ಥೆಯನ್ನು ಇಲ್ಲಿ ಅಳವಡಿಸಿದವು. ಸೈರನ್ ಕೂಗಿದರೆ ಮಕ್ಕಳು ಬಸ್ಸಿಗೂ ಅಪ್ಪ ಅಮ್ಮಂದಿರಿಗೂ ಕಾಯದೆ, ಸಾಲಾಗಿ ಎತ್ತರದ ನೆಲಕ್ಕೆ ನಡೆಯಬೇಕು. 2024ರ ಮಾರ್ಚ್‌ನಲ್ಲಿ ಈ ಕಣಿವೆಯ ಸುಮಾರು 45,000 ವಿದ್ಯಾರ್ಥಿಗಳು ಒಂದೇ ದಿನ ಈ ಅಭ್ಯಾಸ ಮಾಡಿದರು. ನಮ್ಮ ಮಗಳಿಗೆ ಇದು ಮಗ್ಗಿ ಕಲಿತಷ್ಟೇ ಸಹಜ. ಪ್ರತಿ ಊರಿಗೂ ಒಂದು ಬೆಟ್ಟ, ಪ್ರತಿ ತಾತನಿಗೂ ಒಂದು ದಾರಿ ಇರುತ್ತದೆಂದೇ ಅವಳು ತಿಳಿದಿದ್ದಾಳೆ.

ಅಪಾಯ ಗೊತ್ತಿದ್ದರೆ ಸಾಲದು ಎಂಬುದನ್ನು ಈ ಬಗೆಯ ಬೆಟ್ಟಗಳೇ ತೋರಿಸಿವೆ. 1985ರ ನವೆಂಬರ್ 13ರ ರಾತ್ರಿ ಕೊಲಂಬಿಯಾದ ನೆವಾದೊ ದೆಲ್ ರೂಯಿಸ್‌ನ ಸಣ್ಣ ಸ್ಫೋಟವೊಂದು ಹಿಮ ಕರಗಿಸಿ ಇಳಿಸಿದ ಕೆಸರು ಅರ್ಮೆರೊ ಪಟ್ಟಣವನ್ನು ಮುಚ್ಚಿತು. ಸತ್ತವರು 20,000ಕ್ಕೂ ಹೆಚ್ಚು. ಅದಕ್ಕೆ ತಿಂಗಳ ಮೊದಲೇ ಅಪಾಯದ ನಕ್ಷೆ ಸಿದ್ಧವಾಗಿತ್ತು. ಜನರನ್ನು ಹೊರಡಿಸುವ ಆಜ್ಞೆ ಮಾತ್ರ ಹೊತ್ತಿಗೆ ಸರಿಯಾಗಿ ಬರಲಿಲ್ಲ.

ನಕ್ಷೆ ನಮ್ಮಲ್ಲಿಯೂ ಇದೆ. ಬೆಂಗಳೂರಿನ ನೆಲ ಗಟ್ಟಿ, ಅಪ್ಪ ಹೇಳಿದ್ದು ನಿಜ: ಕೆಂಪೇಗೌಡರ ಗೋಪುರವನ್ನು ಹೊತ್ತ ಲಾಲ್‌ಬಾಗಿನ, ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕನ್ನಡ ನಾಡಿನಲ್ಲಿ ಜ್ವಾಲಾಮುಖಿಯೇ ಇರಲಿಲ್ಲವೆಂದಲ್ಲ, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ನೀರಿನಡಿಯಲ್ಲಿ ಉಕ್ಕಿದ ಲಾವಾ ದಿಂಬುಗಳಂತೆ ಹೆಪ್ಪುಗಟ್ಟಿ ನಿಂತಿದೆ. ಆ ಬೆಂಕಿಯೆಲ್ಲ ಆರಿ ಯುಗಗಳೇ ಕಳೆದಿವೆ. ನಮ್ಮ ಊರಿನಲ್ಲಿ ಇಳಿಜಾರು ಹಿಡಿದು ಬರುವುದು ಮಳೆಯ ನೀರು, ಅದರ ದಾರಿಯನ್ನು ಹಿರಿಯರು ಕೆರೆ ಕಟ್ಟಿ, ರಾಜಕಾಲುವೆ ತೋಡಿ ನೆಲದ ಮೇಲೆಯೇ ಬರೆದಿಟ್ಟಿದ್ದರು. ನಾವು ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣವನ್ನೂ ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣವನ್ನೂ ಕಟ್ಟಿಕೊಂಡೆವು. 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆಯ ಬಳಿ ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದ ಚಿತ್ರಗಳನ್ನು ಇಲ್ಲಿ ಕೂತು ನೋಡಿದಾಗ ನನಗಾದದ್ದು ನೋವು. ಐನೂರು ವರ್ಷಕ್ಕೊಮ್ಮೆ ಬರಬಹುದಾದ ಕೆಸರಿಗೆ ಇಲ್ಲಿನ ಮಕ್ಕಳು ನಡೆದು ಅಭ್ಯಾಸ ಮಾಡುತ್ತಾರೆ. ವರ್ಷ ವರ್ಷವೂ ಬರುವ ಮಳೆಗೆ ನಾವು ಮಕ್ಕಳಿಗೆ ಏನನ್ನೂ ಹೇಳಿಕೊಡುವುದಿಲ್ಲ.

ಬೆಳ್ಳಂದೂರು, ವರ್ತೂರು ಸುತ್ತಲಿನ ಶಾಲೆಗಳ ಗೋಡೆಯ ಮೇಲೆ ಅಲ್ಲಿಗೆ ಮಳೆನೀರು ಹರಿದು ಬರುವ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನಕ್ಷೆಯನ್ನು ತೂಗುಹಾಕಿ, ಮುಂಗಾರಿಗೆ ಮೊದಲು ಮಕ್ಕಳನ್ನು ಹತ್ತಿರದ ದಿಬ್ಬಕ್ಕೆ ಒಮ್ಮೆ ನಡೆಸಿಕೊಂಡು ಹೋಗುವುದಕ್ಕೆ ದೊಡ್ಡ ಖರ್ಚೇನೂ ತಗಲದು. ನಮ್ಮ ಮನೆಯ ಮಟ್ಟಿಗೆ, ರಜೆಗೆ ಬಂದಾಗ ಮೊಮ್ಮಗಳನ್ನು ಲಾಲ್‌ಬಾಗ್ ಕೆರೆಯಿಂದ ಕೆಳಕ್ಕೆ ನೀರು ಹರಿಯುವ ಜಾಡಿನಲ್ಲಿ ಕರೆದೊಯ್ಯಬೇಕೆಂದು ಅಪ್ಪನನ್ನು ಕೇಳಿಕೊಂಡಿದ್ದೇನೆ. ಯಾವ ಬಡಾವಣೆಯ ಕೆಳಗೆ ಯಾವ ಕೆರೆ ಇತ್ತೆಂಬುದು ಅವರಿಗೆ ಬಾಯಿಪಾಠ.